ರೇಟ್ ಎಷ್ಟಾಯ್ತು ಸಾರ್?

ಬ್ರೆಜಿಲ್‌ನಲ್ಲಿ ಹಿಮ ಬಿದ್ದರೆ ಕೊಡಗಿನ ಪಾಲಿಬೆಟ್ಟದಲ್ಲಿ ಕ್ಲಚ್ ಪ್ಲೇಟ್ ಸವೆಯುತ್ತದೆ. ವಿಯೆಟ್ನಾಂನಲ್ಲಿ ಬರ ಬಂದರೆ ಸಿದ್ದಾಪುರ ರಸ್ತೆಯಲ್ಲಿ ಓಡಾಡುವ ಜೀಪುಗಳ ಕಿಂಗ್‌ಪಿನ್ ಅಲುಗಾಡತೊಡಗುತ್ತದೆ. ಯಾವ ಎಂಜಿನಿಯರಿಂಗ್ ಕಾಲೇಜಿನಲ್ಲೂ ಹೇಳಿಕೊಡದ ಈ ಶಾಸ್ತ್ರ ನಮ್ಮ ಮೇಸ್ತ್ರಿಗೆ ಕರತಲಾಮಲಕ.

ಮೇಸ್ತ್ರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಇಲ್ಲವೆಂದಲ್ಲ. ಆದರೆ ಅವನು ಒಬ್ಬನೇ ಅಲ್ಲ. ಅಮ್ಮತ್ತಿಯಲ್ಲಿ ಒಬ್ಬನಿದ್ದಾನೆ, ಗೋಣಿಕೊಪ್ಪದಲ್ಲಿ ನಾಲ್ಕೈದು ಜನ ಇದ್ದಾರೆ, ಕಾಫಿ ಗಿಡ ಇರುವ ಕಡೆಯಲ್ಲೆಲ್ಲ ಒಬ್ಬೊಬ್ಬ ಇರುತ್ತಾನೆ. ಯಾರ ಹೆಸರು ಹೇಳಿದರೂ ಉಳಿದವರಿಗೆ ಬೇಸರವಾದೀತು. ಹಾಗಾಗಿ ಮೇಸ್ತ್ರಿ ಎಂದರೆ ಸಾಕು. ಓದುವವರಿಗೆ ತಮ್ಮವನ ಮುಖ ತಾನಾಗಿ ನೆನಪಾಗುತ್ತದೆ.

ಅವನ ಶೆಡ್ಡು ರಸ್ತೆ ತಿರುವಿನಲ್ಲಿ, ಸಿಲ್ವರ್ ಓಕ್ ಮರಗಳ ಕೆಳಗೆ. ಮೇಲೆ ತಗಡು, ಕೆಳಗೆ ಎಷ್ಟೋ ಮಳೆಗಾಲ ಕಂಡರೂ ಕರಗದ ಕಪ್ಪು ಆಯಿಲ್ ಮಣ್ಣು. ಹಿಂಭಾಗದಲ್ಲಿ ಒಂದು ಹಳೆಯ ಜೀಪು ‘ನಾಳೆ ರೆಡಿ’ಯಾಗಲು ಕಾದು ನಿಂತಿದೆ. ಅದು ನಿಂತ ಮೇಲೆ ಪಕ್ಕದ ಮರದಿಂದ ಕರಿಮೆಣಸಿನ ಬಳ್ಳಿ ಅದರ ಹುಡ್ ಕಂಬಿಗೆ ಹಬ್ಬಿದೆ. ಕಳೆದ ವರ್ಷ ಮೇಸ್ತ್ರಿ ಅದರಿಂದ ಮೆಣಸನ್ನೂ ಕೊಯ್ದ ಎಂದು ಅವನಿಗೆ ಆಗದವರು ಹೇಳುತ್ತಾರೆ. ಆಗುವವರು ಹೇಳುವುದೂ ಅದನ್ನೇ, ಸ್ವಲ್ಪ ಮೆಲ್ಲಗೆ.

ಗಾಡಿ ಒಳಗೆ ಬಂದ ಕೂಡಲೇ ಬಾನೆಟ್ ಎತ್ತುವುದು ಹೊಸ ಹುಡುಗರ ಲಕ್ಷಣ. ಮೇಸ್ತ್ರಿ ಹಾಗೆ ಮಾಡುವುದಿಲ್ಲ. ಬನಿಯನ್ ವೇಸ್ಟಿನಲ್ಲಿ ಕೈ ಒರೆಸುತ್ತ ಬಂದು, ಮಡ್‌ಗಾರ್ಡಿಗೆ ಒರಗಿ ನಿಂತು, ಊರಿನ ಕ್ಷೇಮಸಮಾಚಾರ ವಿಚಾರಿಸುವವನ ಹಾಗೆ ಕಾಫಿಯ ದರ ಕೇಳುತ್ತಾನೆ: “ಚೆರ್ರಿ ರೇಟ್ ಎಷ್ಟಾಯ್ತು ಸಾರ್?”

ತಪಾಸಣೆ ಅಲ್ಲೇ ಮುಗಿಯಿತು. ನೀವು ಬಾಯ್ತಪ್ಪಿ “ಈ ವಾರ ಒಳ್ಳೆ ಏರಿದೆ” ಎಂದಿರೋ, ಗೇರ್‌ಬಾಕ್ಸ್ ಇಳಿಸಲೇಬೇಕು. “ಸ್ವಲ್ಪ ಇಳಿದಿದೆ” ಎಂದರೆ ಕ್ಲಚ್ ಕೇಬಲ್ಲಿನಲ್ಲಿ ಮುಗಿಯುತ್ತದೆ. ಪಳಗಿದ ಬೆಳೆಗಾರರಿಗೆ ಇದು ಗೊತ್ತು. ಅವರು ಶೆಡ್ಡಿನ ತಿರುವು ಬರುವ ಮೊದಲೇ ಮುಖ ಸಪ್ಪೆ ಮಾಡಿಕೊಂಡು, “ಹೂಮಳೆ ಕೈಕೊಟ್ಟಿತು, ಕಾಯಿಕೊರಕ ಬಂತು, ಉಳಿದ ಗಿಡವನ್ನು ಆನೆ ಮುರಿಯಿತು, ಫಸಲು ಎಲ್ಲಿಂದ ಬಂತು ಮಾರಾಯ” ಎಂದು ಶುರು ಮಾಡುತ್ತಾರೆ. ಮೇಸ್ತ್ರಿ ತಲೆ ಅಲ್ಲಾಡಿಸಿ ನಿಜವಾಗಿಯೂ ಮರುಗುತ್ತಾನೆ. ಆಮೇಲೆ ಕೇಳುತ್ತಾನೆ, “ಮೆಣಸು ಹೇಗಿದೆ ಸಾರ್?” ಮೆಣಸೂ ಇಲ್ಲ ಎಂದಿರಾ, ಟ್ರಯಲ್ ನೋಡುವ ನೆಪದಲ್ಲಿ ಗಾಡಿಯನ್ನು ನಿಮ್ಮ ಮನೆಯ ತನಕ ಓಡಿಸಿಕೊಂಡು ಬರುತ್ತಾನೆ. ಕಣದಲ್ಲಿ ಎಷ್ಟು ಹರಡಿದೆ, ಪತ್ತಾಯದ ಪಕ್ಕ ಎಷ್ಟು ಚೀಲ ಒಟ್ಟಿದೆ ಎಂಬ ಲೆಕ್ಕ ಹಿಡಿಯಲು ಅವನಿಗೆ ಒಂದು ರಿವರ್ಸ್ ತೆಗೆಯುವಷ್ಟು ಹೊತ್ತು ಸಾಕು.

ಈ ವಿದ್ಯೆ ಅವನಿಗೆ ಗುರುವಿನಿಂದ ಬಂದದ್ದು. ಗುರುವಿನ ಕಾಲ ಕಾಫಿ ಮಂಡಳಿಯ ಪೂಲ್ ಕಾಲ. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆಗಾರ ತನ್ನ ಕಾಫಿಯನ್ನು ಮಂಡಳಿಗೆ ಒಪ್ಪಿಸಬೇಕಿತ್ತು. ಮಂಡಳಿ ಅದನ್ನು ಹರಾಜಿನಲ್ಲಿ ಮಾರಿ ದುಡ್ಡನ್ನು ಕಂತು ಕಂತಾಗಿ ಕೊಡುತ್ತಿತ್ತು. ಹಾಗಾಗಿ ಜೀಪಿನ ರಿಪೇರಿಯೂ ಕಂತು ಕಂತಾಗಿಯೇ ನಡೆಯುತ್ತಿತ್ತು. ಮೊದಲ ಕಂತಿಗೆ ಎಡಗಡೆ ಬ್ರೇಕು, ಎರಡನೆಯ ಕಂತಿಗೆ ಬಲಗಡೆಯದು. ನಡುವಿನ ತಿಂಗಳುಗಳಲ್ಲಿ ಗಾಡಿ ಬ್ರೇಕ್ ಹಿಡಿದಾಗ ಒಂದು ಕಡೆಗೆ ಎಳೆಯುತ್ತಿತ್ತು. ಊರಿನವರು ಅದಕ್ಕೆ ತಕ್ಕಂತೆ ಇನ್ನೊಂದು ಕಡೆ ನಡೆಯುತ್ತಿದ್ದರು.

1994ರಲ್ಲಿ ಬ್ರೆಜಿಲ್‌ನ ತೋಟಗಳು ಹಿಮಕ್ಕೆ ಸುಟ್ಟುಹೋದವು, ಪ್ರಪಂಚದಲ್ಲೆಲ್ಲ ದರ ಏರಿತು. 1996ರ ಹೊತ್ತಿಗೆ ಪೂಲ್ ಪದ್ಧತಿಯೂ ಪೂರ್ತಿ ಹೋಗಿ, ಬೆಳೆಗಾರ ತನ್ನ ಕಾಫಿಯನ್ನು ಯಾರಿಗೆ ಬೇಕಾದರೂ ಮಾರಬಹುದು ಎಂದಾಯಿತು. ಕೊಡಗಿಗೆ ಒಂದೇ ಸಲಕ್ಕೆ ಇಡೀ ಚೀಲದ ದುಡ್ಡು ಬಂತು. ಮನೆ ಮುಂದೆ ಜಿಪ್ಸಿಗಳು ಬಂದು ನಿಂತವು. ಎಳೆಯ ಶಿಷ್ಯನಾಗಿದ್ದ ನಮ್ಮ ಮೇಸ್ತ್ರಿ ಮೊದಲ ಬಾರಿಗೆ ‘ಫುಲ್ ಸೆಟ್ ಬದಲಿಸಬೇಕು’ ಎಂಬ ಮಾತನ್ನು ಆಡಿದ್ದು ಆ ವರ್ಷಗಳಲ್ಲೇ. ಅವನ ಬಾಯಿಗೆ ಆ ಮಾತು ಎಷ್ಟು ರುಚಿಸಿತೆಂದರೆ, ಇಂದಿಗೂ ಹಾರ್ನ್ ಕೂಗುತ್ತಿಲ್ಲ ಎಂದು ಹೋದವನಿಗೂ ಮೊದಲು ಅದನ್ನೇ ಹೇಳಿ ನೋಡುತ್ತಾನೆ.

2001ರ ಸುಮಾರಿಗೆ ವಿಯೆಟ್ನಾಂ ಕಾಫಿ ಸುರಿದು ದರ ನೆಲಕಚ್ಚಿದಾಗ ಅದೇ ಮೇಸ್ತ್ರಿ ತಂತಿ ಕಟ್ಟಿ ಸೈಲೆನ್ಸರ್ ನಿಲ್ಲಿಸಿದ, ಸೈಕಲ್ ಟ್ಯೂಬ್ ಸುತ್ತಿ ರೇಡಿಯೇಟರ್ ಪೈಪಿನ ಸೋರಿಕೆ ತಡೆದ, ಬಾರ್ ಸೋಪ್ ಮೆತ್ತಿ ಡೀಸೆಲ್ ಟ್ಯಾಂಕಿನ ತೂತು ಮುಚ್ಚಿದ. “ಹೊಸತು ಯಾಕೆ ಸಾರ್, ಇದು ಇನ್ನೂ ಹತ್ತು ವರ್ಷ ಬರುತ್ತೆ” ಎಂದ. ನಿಜಕ್ಕೂ ಬಂತು. 2024ರಲ್ಲಿ ವಿಯೆಟ್ನಾಂಗೇ ಬರ ಹೊಡೆದು ರೊಬಸ್ಟಾ ದರ ದಾಖಲೆ ಮುಟ್ಟಿದ ವರ್ಷ ಅದೇ ಸೈಲೆನ್ಸರನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದು, “ಅಯ್ಯೋ, ಯಾರು ಸಾರ್ ಇದಕ್ಕೆ ತಂತಿ ಕಟ್ಟಿದ್ದು? ಮೂರ್ಖ ಮುಂಡೇದು!” ಎಂದು ಬೈದ. ತನ್ನನ್ನೇ ಇಷ್ಟು ಮನಸಾರೆ ಬೈದುಕೊಳ್ಳುವ ಕುಶಲಕರ್ಮಿ ಬೇರೆ ಕಸುಬುಗಳಲ್ಲಿ ಸಿಗುವುದು ಕಷ್ಟ.

ದರ ಒಂದೇ ಸಾಲದು, ಸ್ವಲ್ಪ ಭಯವೂ ಬೇಕು. ಬಯಲುಸೀಮೆಯ ಮೆಕ್ಯಾನಿಕ್ “ದಾರಿಯಲ್ಲಿ ನಿಂತರೆ ಕಷ್ಟ” ಎಂದರೆ ಗಿರಾಕಿಗೆ ಅಷ್ಟೇನೂ ನಾಟುವುದಿಲ್ಲ. ಇಲ್ಲಿ ಹಾಗಲ್ಲ. ಮಾಲ್ದಾರೆ, ಚೆನ್ನಯ್ಯನಕೋಟೆ, ಸಿದ್ದಾಪುರದ ಕಡೆಯ ತೋಟಗಳಲ್ಲಿ ಆನೆಗಳು ಸಂಸಾರ ಸಮೇತ ಬೀಡುಬಿಟ್ಟಿವೆ. ಸಂಜೆಯಾದ ಮೇಲೆ ಅರಣ್ಯ ಇಲಾಖೆಯವರು ಪಟಾಕಿ ಹಿಡಿದು ಓಡಾಡುತ್ತಿರುತ್ತಾರೆ. ಮೇಸ್ತ್ರಿ ಆನೆಯ ಹೆಸರನ್ನು ನೇರವಾಗಿ ಎತ್ತುವುದಿಲ್ಲ. ಸೆಲ್ಫ್ ಮೋಟರನ್ನು ಒಮ್ಮೆ ತಟ್ಟಿ, “ಹಗಲು ಓಡಿಸೋದಾದ್ರೆ ತೊಂದರೆ ಇಲ್ಲ ಸಾರ್. ರಾತ್ರಿ ಮಾತ್ರ ಆಫ್ ಮಾಡಬೇಡಿ” ಎಂದು ಸುಮ್ಮನಾಗುತ್ತಾನೆ. ಮುಂದಿನ ಮೌನದಲ್ಲಿ ನಿಮಗೆ ಮುರಿದ ಬೈನೆ ಮರ, ತಿರುವಿನಲ್ಲಿ ಕಪ್ಪಗೆ ನಿಂತ ಒಂದು ಒಂಟಿ ಸಲಗ, ಸ್ಟಾರ್ಟ್ ಆಗದ ಜೀಪು ಎಲ್ಲ ಕಾಣಿಸಿಕೊಳ್ಳುತ್ತವೆ. “ಬದಲಿಸಿಬಿಡು ಮಾರಾಯ” ಎನ್ನುವುದು ನೀವೇ. ಅವನು ಒತ್ತಾಯ ಮಾಡಿದ್ದಕ್ಕೆ ಸಾಕ್ಷಿ ಇಲ್ಲ.

ಅನುಮಾನದ ಗಿರಾಕಿಗಳಿಗೆ ತೋರಿಸಲು ಅವನಲ್ಲಿ ಒಂದು ರಿಲೀಸ್ ಬೇರಿಂಗ್ ಇದೆ. ಅದು ಅಂಗಡಿಯ ಉತ್ಸವಮೂರ್ತಿ. ಸವೆದು, ಸುಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುವ ಆ ಬೇರಿಂಗನ್ನು ಗ್ರೀಸ್ ಹಚ್ಚಿದ ಅಂಗೈಯಲ್ಲಿ ತಂದು, “ನೋಡಿ, ನಿಮ್ಮ ಗಾಡಿಯದ್ದು” ಎನ್ನುತ್ತಾನೆ. ಜೀಪಿನವನಿಗೂ ಅದನ್ನೇ ತೋರಿಸಿದ, ಪಿಕಪ್ಪಿನವನಿಗೂ ಅದನ್ನೇ. ಬಾಳೆಲೆ ಕಡೆಯ ಒಬ್ಬರು ಅದರ ಅಂಚಿನಲ್ಲಿ ಸದ್ದಿಲ್ಲದೆ ಗೀಟು ಹಾಕಿಟ್ಟು ಬಂದರು. ಸ್ವಲ್ಪ ದಿನದಲ್ಲೇ ಅವರ ಷಡ್ಡಕನ ಗಾಡಿಯಿಂದ ಗೀಟು ಸಮೇತ ಅದೇ ಬೇರಿಂಗ್ ‘ಹೊರಬಂತು’. ಕೇಳಿದ್ದಕ್ಕೆ ಮೇಸ್ತ್ರಿ ಕಂಗೆಡಲಿಲ್ಲ. “ಒಂದೇ ಕಂಪೆನಿ ಸಾರ್. ಸವೆಯೋದೂ ಒಂದೇ ತರ.”

ಭಾಷೆಗಳ ವಿಷಯದಲ್ಲಿ ಅವನು ಶಿಸ್ತಿನ ಮನುಷ್ಯ. ಬೈಸಿಕೊಳ್ಳುವುದು ಕೊಡವ ತಕ್ಕಿನಲ್ಲಿ, ಹುಡುಗರಿಗೆ ಬೈಯುವುದು ತುಳುವಿನಲ್ಲಿ, ಸ್ಪೇರ್ ಪಾರ್ಟ್ಸ್ ಅಂಗಡಿಗೆ ಫೋನ್ ಮಾಡುವುದು ಮಲಯಾಳದಲ್ಲಿ, ಬಿಲ್ ಹೇಳುವುದು ಕನ್ನಡದಲ್ಲಿ. ಫೋನಿನ ಮಲಯಾಳ ಮತ್ತು ಬಿಲ್ಲಿನ ಕನ್ನಡದ ನಡುವೆ ಎಲ್ಲೋ ಐನೂರು ರೂಪಾಯಿ ಹುಟ್ಟಿಕೊಳ್ಳುತ್ತದೆ. ಎರಡೂ ಭಾಷೆ ಬಲ್ಲ ಗಿರಾಕಿ ಪಕ್ಕದಲ್ಲಿದ್ದರೆ ಫೋನಿಗೆ ಆ ದಿನ ಸಿಗ್ನಲ್ ಸಿಗುವುದಿಲ್ಲ. ಸಾಮಾನು ಬರುವುದು ಮೈಸೂರಿನಿಂದ, ಬಸ್ಸಿನ ಕಂಡಕ್ಟರ್ ಕೈಯಲ್ಲಿ. ಬಸ್ಸು ಬಂದಿರುತ್ತದೆ, ಪಾರ್ಸೆಲ್ ಬಂದಿರುವುದಿಲ್ಲ. ಪಾರ್ಸೆಲ್ ಬಂದ ದಿನ ಕೆಲಸದ ಹುಡುಗ ಹಾಕಿ ಪಂದ್ಯಕ್ಕೆ ಹೋಗಿರುತ್ತಾನೆ. 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಎಷ್ಟು ಪ್ರತಿಭೆಗಳನ್ನು ಬೆಳೆಸಿತೋ, ಎಷ್ಟು ಗೇರ್‌ಬಾಕ್ಸುಗಳನ್ನು ಬಿಚ್ಚಿದ ಸ್ಥಿತಿಯಲ್ಲಿ ಇರಿಸಿತೋ, ಎರಡಕ್ಕೂ ಲೆಕ್ಕವಿಲ್ಲ.

ಈ ಮನುಷ್ಯನನ್ನು ಕಾನೂನಿನಿಂದ ಹಿಡಿಯಬೇಕೆಂದು ಒಮ್ಮೆ ನಿವೃತ್ತ ಕರ್ನಲ್ ಒಬ್ಬರು ಹೊರಟರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರತಿ ಹಿಡಿದು ಬಂದು, “ಕೇಳಿದ ಮೇಲೂ ಬಿಲ್ ಕೊಡದಿದ್ದರೆ ಅದು ಅನುಚಿತ ವ್ಯಾಪಾರ ಪದ್ಧತಿ. ಐದು ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ. ತಿಳಿಯಿತೋ?” ಎಂದು ಪರೇಡ್ ದನಿಯಲ್ಲಿ ಓದಿ ಹೇಳಿದರು. ಮೇಸ್ತ್ರಿ ಪಾನಾ ಕೆಳಗಿಟ್ಟು ಎದ್ದು ನಿಂತ.

“ಬಿಲ್ ಕೊಡ್ತೀನಿ ಸಾರ್. ಹದಿನೆಂಟು ಪರ್ಸೆಂಟ್ ಜಿಎಸ್‌ಟಿ ಸೇರುತ್ತೆ. ಅದು ನನಗಲ್ಲ, ಡೆಲ್ಲಿಗೆ.”

“ನಿನ್ನ ಜಿಎಸ್‌ಟಿ ನಂಬರ್ ಎಲ್ಲಿ?”

“ಗೋಣಿಕೊಪ್ಪದಲ್ಲಿ ನಮ್ಮ ಭಾವನದ್ದು ಇದೆ ಸಾರ್. ಒಳ್ಳೆ ನಂಬರ್.”

ಕರ್ನಲ್ ಸಾಹೇಬರು ಗ್ರಾಹಕ ಆಯೋಗಕ್ಕೇ ಹೋಗುತ್ತೇನೆ ಎಂದು ಗುಡುಗಿದರು. ಆಯೋಗ ಇರುವುದು ಮಡಿಕೇರಿಯಲ್ಲಿ. ಮಡಿಕೇರಿಗೆ ಹೋಗಲು ಜೀಪು ಬೇಕು. ಜೀಪಿನ ನಾಲ್ಕು ಚಕ್ರವೂ ಮೇಸ್ತ್ರಿಯ ಶೆಡ್ಡಿನಲ್ಲಿ ಬೇರೆ ಬೇರೆ ಮೂಲೆಯಲ್ಲಿದ್ದವು. ಕರ್ನಲ್ ರಾಜಿಗೆ ಬಂದರು.

ಹಾಗಾದರೆ ಮೈಸೂರಿನ ದೊಡ್ಡ ಶೋರೂಮಿಗೆ ಹೋಗಬಹುದಲ್ಲ ಎನ್ನುವಿರಿ. ಹೋಗಿ ಬಂದವರಿದ್ದಾರೆ. ಅಲ್ಲಿ ಎಸಿ, ಸೋಫಾ, ಗಾಜಿನ ಗೋಡೆ. ಟೈ ಕಟ್ಟಿದ ಹುಡುಗ ಟ್ಯಾಬ್ಲೆಟ್ ಹಿಡಿದು ನಗುತ್ತ ಬರುತ್ತಾನೆ. ಬಿಲ್ಲಿನಲ್ಲಿ ಎಂಜಿನ್ ಡ್ರೆಸ್ಸಿಂಗ್, ಅಂಡರ್‌ಬಾಡಿ ಕೋಟಿಂಗ್, ಎಸಿ ಡಿಸ್‌ಇನ್‌ಫೆಕ್ಷನ್ ಎಂಬ ಸಾಲುಗಳು ಇರುತ್ತವೆ. ಎಲ್ಲದಕ್ಕೂ ತೆರಿಗೆ ಸೇರಿ ಪೈಸೆ ಸಮೇತ ಲೆಕ್ಕ. ಎಸಿಯೇ ಇಲ್ಲದ ಗಾಡಿಗೆ ಎಸಿ ಶುದ್ಧಿ ಮಾಡಿಸಿಕೊಂಡು ಬಂದ ಪುಣ್ಯವಂತರೂ ನಮ್ಮಲ್ಲಿದ್ದಾರೆ. ವಾದಿಸಲು ಹೋದರೆ ಆ ಹುಡುಗ “ಸಿಸ್ಟಂನಲ್ಲಿ ಹಾಗೇ ಬರ್ತಿದೆ ಸಾರ್” ಎನ್ನುತ್ತಾನೆ. ಸಿಸ್ಟಂಗೆ ಬೈಯಲು ಆಗುವುದಿಲ್ಲ, ಅದರ ಅಪ್ಪ ಯಾರೆಂದು ಗೊತ್ತಿಲ್ಲ. ಮೇಸ್ತ್ರಿಗೆ ಬೈಯಬಹುದು. ಅವನ ಅಪ್ಪನನ್ನೂ ಬಲ್ಲೆವು. ಅವರು ನಮ್ಮ ಅಜ್ಜನ ಜೀಪಿನ ಚಕ್ರ ಬಿಚ್ಚಿದವರು.

ಜತೆಗೆ ಮೇಸ್ತ್ರಿಯ ಒಂದು ಉಪಕಾರದ ಋಣವೂ ನಮ್ಮ ಮೇಲಿದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಕಡೆ ಗುಡ್ಡಗಳು ಜರಿದು ಊರುಗಳೇ ಕೊಚ್ಚಿಹೋದಾಗ, ಅಕ್ಕಿ ಕಂಬಳಿ ಹೊತ್ತು ಹೊರಟ ಜೀಪುಗಳಿಗೆಲ್ಲ ಅವನು ಹಗಲು ರಾತ್ರಿ ಎನ್ನದೆ ಪುಕ್ಕಟೆ ಕೆಲಸ ಮಾಡಿದ. ಒಬ್ಬರಿಂದ ಒಂದು ರೂಪಾಯಿ ಮುಟ್ಟಲಿಲ್ಲ. ನಾವು ಅದನ್ನು ಮರೆತಿಲ್ಲ. ಮರೆಯಲು ಅವನು ಬಿಡುವುದೂ ಇಲ್ಲ. ಪ್ರತಿ ಚೌಕಾಶಿಯಲ್ಲೂ ಮಾತು ಬಿಗಿಯಾದ ಕೂಡಲೇ, “ಆ ಮಳೇಲಿ ನಾನು ದುಡ್ಡು ಕೇಳಿದ್ನಾ ಸಾರ್?” ಎನ್ನುತ್ತಾನೆ. ಆ ವರ್ಷ ಬಿಟ್ಟ ಹಣಕ್ಕೆ ಬಡ್ಡಿ ಬಂದು, ಬಡ್ಡಿಗೆ ಚಕ್ರಬಡ್ಡಿ ಬಂದು, ಈಗ ಅಸಲಿನ ಗುರುತೇ ಸಿಗದಂತಾಗಿದೆ.

ಇಷ್ಟೆಲ್ಲ ದೂರು ಹೇಳಿದ ಮೇಲೆ ಅವನ ಡ್ರಾಯರಿನಲ್ಲಿರುವ ಕೆಂಪು ರಟ್ಟಿನ ಪುಸ್ತಕದ ಸುದ್ದಿಯನ್ನೂ ಹೇಳಬೇಕು. ಅದರಲ್ಲಿ ಊರಿನ ದೊಡ್ಡ ದೊಡ್ಡ ಮನೆತನಗಳೆಲ್ಲ ಇವೆ. ಬೆಳೆಗಾರನ ಕೈಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ, ಕಾಫಿ ಮಾರಿದ ಮೇಲೆ. ಗಾಡಿ ಕೆಡುವುದು ಮಾತ್ರ ಮಳೆಗಾಲದಲ್ಲಿ. ಜೂನ್‌ನಲ್ಲಿ ಮಾಡಿಸಿದ ಬ್ರೇಕಿಗೆ ಫೆಬ್ರವರಿಯಲ್ಲಿ ಅರ್ಧ ಕೊಡುತ್ತೇವೆ. ಫೆಬ್ರವರಿಯಲ್ಲಿ ದರ ಏರುವ ಲಕ್ಷಣ ಕಂಡರೆ ಕಾಫಿಯನ್ನು ಮಾರದೆ ಇಟ್ಟುಕೊಳ್ಳುತ್ತೇವೆ. ಇಳಿದರೆ ಏರಲಿ ಎಂದು ಇಟ್ಟುಕೊಳ್ಳುತ್ತೇವೆ. ಎರಡರಲ್ಲೂ ಮೇಸ್ತ್ರಿ ಕಾಯುತ್ತಾನೆ. ಅಲ್ಲಿಯ ತನಕ ಅವನ ಶೆಡ್ಡಿನ ಮುಂದೆ ಹಾದುಹೋಗುವಾಗ ನಮಗೆಲ್ಲ ಬಲಗಡೆಯ ತೋಟದ ನೆರಳು ಮರಗಳ ಮೇಲೆ ವಿಪರೀತ ಆಸಕ್ತಿ ಹುಟ್ಟುತ್ತದೆ. ಅವನು ಬಾನೆಟ್ ಎತ್ತುವ ಮೊದಲು ಚೆರ್ರಿ ದರ ಕೇಳುವುದು ಸುಮ್ಮನೆ ಅಲ್ಲ. ತನ್ನ ಕೂಲಿ ಯಾವ ತಿಂಗಳಿಗೆ ಬಂದೀತು, ಎಷ್ಟು ಬಂದೀತು ಎಂದು ತಿಳಿಯಲು ಅವನಿಗಿರುವುದು ಅದೊಂದೇ ಕಿಟಕಿ. ಬರುವುದು ತಡ ಎಂದು ಅವನು ಜಾಸ್ತಿ ಹೇಳುತ್ತಾನೆ. ಜಾಸ್ತಿ ಹೇಳಿದ ಎಂದು ನಾವು ತಡ ಮಾಡುತ್ತೇವೆ. ಮೊದಲು ಶುರು ಮಾಡಿದ್ದು ಯಾರೆಂದು ಅವನ ಗುರುವಿಗೆ ಗೊತ್ತಿತ್ತೋ ಏನೋ.

ಈ ಏರ್ಪಾಡು ಕೆಟ್ಟದ್ದು ಬೆಂಗಳೂರಿನ ಒಬ್ಬ ಹುಡುಗನಿಂದ. ಕಂಪ್ಯೂಟರ್ ಕೆಲಸ ಬಿಟ್ಟು ಬಂದು ಹೋಂಸ್ಟೇ ಹಾಕಿದ್ದಾನೆ. ಅವನ ಥಾರ್ ಜೀಪಿನ ಬ್ರೇಕು ಕಿರ್ರೆನ್ನುತ್ತಿತ್ತು. ಕೆಲಸ ಮುಗಿದ ಮೇಲೆ ಮೇಸ್ತ್ರಿ ಆಕಾಶ ನೋಡಿ, ಗಡ್ಡ ಕೆರೆದು, “ಎಂಟು ಸಾವಿರದ ನಾನೂರು” ಎಂದ. ಹುಡುಗ “ಓಕೆ ಅಣ್ಣ” ಎಂದವನೇ ಮೊಬೈಲ್ ಹಿಡಿದು ಸ್ಕ್ಯಾನ್ ಮಾಡಿದ. ಶೆಲ್ಫಿನ ಮೇಲಿದ್ದ ಪೆಟ್ಟಿಗೆ ಇಡೀ ಪಾಲಿಬೆಟ್ಟಕ್ಕೆ ಕೇಳುವಂತೆ ಎಂಟು ಸಾವಿರದ ನಾನೂರು ಬಂದಿತೆಂದು ಸಾರಿತು. ಥಾರ್ ಹೊರಟುಹೋಯಿತು. ಕೆಲಸಕ್ಕೆ ಕಾದು ಕೂತಿದ್ದ ಇಬ್ಬರು ಹಳೆ ಬಾಕಿದಾರರು ನೆಲ ನೋಡಿದರು.

ಮೇಸ್ತ್ರಿ ಮೊದಲು ಆ ಪೆಟ್ಟಿಗೆಯ ಸ್ವಿಚ್ ಆರಿಸಿದ. ಆಮೇಲೆ ಸ್ಟೂಲಿನ ಮೇಲೆ ಕೂತು, ಚಹಾ ಬಂದರೂ ಮುಟ್ಟದೆ, ಬಹಳ ಹೊತ್ತು ಯೋಚಿಸಿ ನನ್ನ ಕಡೆ ತಿರುಗಿದ.

“ಒಂದು ಮಾತೂ ಆಡಲಿಲ್ಲ ಸಾರ್. ಇಳಿಸೋದಕ್ಕೆ ಅಂತಲೇ ಎರಡು ಸಾವಿರ ಏರಿಸಿದ್ದೆ, ಅದನ್ನೂ ಕೊಟ್ಟು ಹೋದ. ಈಗ ನಾನು ಅವನಿಗೆ ಮೋಸ ಮಾಡಿದ ಹಾಗೆ ಆಯ್ತಲ್ಲ!”