ಎರಡನೆಯ ಕೃಷ್ಣ

ದುಡಿದವನಿಗೆ ಕೂಲಿ ಸಲ್ಲಬೇಕೆಂಬುದು ಧರ್ಮಶಾಸ್ತ್ರಕ್ಕೂ ಅರ್ಥಶಾಸ್ತ್ರಕ್ಕೂ ಸಮ್ಮತವಾದ ನಿಯಮ. ಆದರೆ ಎರಡು ಮೂರು ತಿಂಗಳ ಕಾಲ ನಿದ್ರೆಗೆಟ್ಟು, ಗಂಟಲು ಹರಿದುಕೊಂಡು, ಮನೆಯವರ ಮುನಿಸಿಗೂ ಮೇಲಧಿಕಾರಿಯ ಕೋಪಕ್ಕೂ ಏಕಕಾಲದಲ್ಲಿ ಗುರಿಯಾಗಿ, ಕಟ್ಟಕಡೆಗೆ ಒಂದು ರಾತ್ರಿ ಮುಖಕ್ಕೆ ಬಣ್ಣ ಬಳಿದುಕೊಂಡು ನಿಂತು, ಇಷ್ಟೆಲ್ಲ ಕ್ಲೇಶಕ್ಕೂ ತನ್ನ ಕೈಯಿಂದಲೇ ಹಣ ತೆತ್ತು, ಮರುದಿನ 'ಜನ್ಮ ಸಾರ್ಥಕವಾಯಿತು' ಎಂದು ಎದೆಯುಬ್ಬಿಸಿ ತಿರುಗುವ ಪುರುಷಪುಂಗವನೊಬ್ಬನು ನಮ್ಮ ನಾಡಿನ ಊರೂರಿನಲ್ಲಿಯೂ ಉಂಟು. ಅವನೇ ಹವ್ಯಾಸಿ ನಟ. ವೃತ್ತಿನಟನು ಹೊಟ್ಟೆಗಾಗಿ ವೇಷ ಕಟ್ಟಿದರೆ ಇವನು ವೇಷಕ್ಕಾಗಿ ಹೊಟ್ಟೆ ಕಟ್ಟುತ್ತಾನೆ.

ಈತನ ವಂಶಾವಳಿ ಸಾಮಾನ್ಯವಾದುದಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯು ವೀರಣ್ಣನವರ ಕಾಲಕ್ಕೆ ಸಜೀವವಾದ ಆನೆ ಕುದುರೆಗಳನ್ನೇ 'ಕುರುಕ್ಷೇತ್ರ'ದ ರಂಗಕ್ಕೆ ತಂದು ನಿಲ್ಲಿಸಿ ವೃತ್ತಿರಂಗಭೂಮಿಯ ವೈಭವವನ್ನು ಮೆರೆಸಿದರೆ, 1909ರಲ್ಲಿ ಬೆಂಗಳೂರಿನ ವಿದ್ಯಾವಂತರು ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಎಂಬ ಸಂಘವನ್ನು ಕಟ್ಟಿ, ಹೊಟ್ಟೆಪಾಡಿಗೆ ಬೇರೊಂದು ಉದ್ಯೋಗವಿರುವವನೂ ನಾಟಕವಾಡಬಹುದೆಂಬ ಅಪಾಯಕರವಾದ ತತ್ತ್ವಕ್ಕೆ ಲೋಕದಲ್ಲಿ ಮಾನ್ಯತೆಯನ್ನು ದೊರಕಿಸಿದರು. ಬಳ್ಳಾರಿಯ ರಾಘವರು ವಕೀಲರು. ಕೈಲಾಸಂ ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರವನ್ನು ಓದಿ ಬಂದವರು. ಈ ಎರಡು ಹೆಸರುಗಳು ಹವ್ಯಾಸಿಯ ನಾಲಗೆಯ ತುದಿಯಲ್ಲಿ ಸದಾ ಸಿದ್ಧವಾಗಿರುತ್ತವೆ. "ರಾಘವರು ವಕೀಲಿ ಮಾಡಿಕೊಂಡೇ ನಟರಾಗಲಿಲ್ಲವೇ ಸ್ವಾಮೀ?" ಎಂದು ಅವನು ತನ್ನ ಕಛೇರಿಯ ಶಿರಸ್ತೇದಾರರನ್ನು ಕೇಳಿದರೆ, "ಆದರಪ್ಪ, ಆದರು. ಅವರು ನನಗೆ ರಜೆಯ ಅರ್ಜಿ ಕೊಡುತ್ತಿರಲಿಲ್ಲ" ಎಂಬ ಉತ್ತರ ಬರುತ್ತದೆ.

ಈ ಜಾತಿಯಲ್ಲಿ ಪಟ್ಟಣದ ಪ್ರಭೇದ, ಹಳ್ಳಿಯ ಪ್ರಭೇದ ಎಂದು ಎರಡುಂಟು. ಪಟ್ಟಣದವನು ಸಂಜೆ ಕಛೇರಿ ಬಿಟ್ಟೊಡನೆ, ಹೆಗಲಿಗೊಂದು ಜೋಳಿಗೆಯನ್ನು ಇಳಿಬಿಟ್ಟು, 1963ರಲ್ಲಿ ಬಾಗಿಲು ತೆರೆದ ರವೀಂದ್ರ ಕಲಾಕ್ಷೇತ್ರದ ಮೆಟ್ಟಿಲುಗಳ ಮೇಲೆ ಚಹಾ ಹೀರುತ್ತ ರಂಗಭೂಮಿಯ ಭವಿಷ್ಯವನ್ನು ಚಿಂತಿಸುತ್ತಾನೆ. ತುಘಲಕನಾಗಬೇಕೆಂದು ಬಂದವನನ್ನು ನಿರ್ದೇಶಕನು ಮೇಳದ ಕೊನೆಯ ಸಾಲಿನಲ್ಲಿ ನಿಲ್ಲಿಸಿ, ಮೊದಲನೆಯ ಅಂಕದಲ್ಲಿ ಮರವಾಗಲೂ ಎರಡನೆಯ ಅಂಕದಲ್ಲಿ ಬಾಗಿಲಾಗಲೂ ಆಜ್ಞಾಪಿಸುತ್ತಾನೆ. ಮರಕ್ಕೆ ಮಾತಿಲ್ಲವೆಂಬುದು ಅವನ ದುಃಖ. ಅವನನ್ನು ನೋಡಲು ಚೀಟಿ ಕೊಂಡು ಬಂದ ಬಂಧುಗಳಿಗೆ ಯಾವ ಮರವೆಂದು ಗುರುತು ಹತ್ತಲಿಲ್ಲವೆಂಬುದು ಅದಕ್ಕೂ ಮಿಗಿಲಾದ ದುಃಖ. ಇವನ ವ್ಯಥೆಯು ಬಹುಮಟ್ಟಿಗೆ ಬೌದ್ಧಿಕವಾದುದರಿಂದ ಇವನನ್ನು ಇಲ್ಲಿಗೇ ಬಿಡೋಣ.

ನಾನು ವಿಸ್ತಾರವಾಗಿ ಹೇಳಬೇಕೆಂದಿರುವುದು ತುಮಕೂರು ಮಂಡ್ಯಗಳ ಸೀಮೆಯ ಪೌರಾಣಿಕ ನಾಟಕದ ಹವ್ಯಾಸಿಯನ್ನು ಕುರಿತು. ಈ ಸೀಮೆಯಲ್ಲಿ ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡಿತೆಂದರೆ, ಕೌರವರಿಗೂ ಪಾಂಡವರಿಗೂ ಯುದ್ಧವು ಅನಿವಾರ್ಯವಾಗುತ್ತದೆ. ಊರಿನ ಹಿರಿಯರು ಗುಡಿಯ ಮುಂದೆ ಸೇರಿ ನಾಟಕದ ಮೇಷ್ಟ್ರನ್ನು ಕರೆಸುತ್ತಾರೆ. ಪಾತ್ರಗಳ ಹಂಚಿಕೆ ನಡೆಯುವುದು ರೂಪ ಗುಣ ಕಂಠಗಳ ಮೇಲಲ್ಲ. ಪ್ರತಿ ಪಾತ್ರಕ್ಕೂ ಒಂದು ಬೆಲೆಯುಂಟು. ಕೃಷ್ಣನೂ ದುರ್ಯೋಧನನೂ ಎಲ್ಲರಿಗಿಂತ ದುಬಾರಿ, ಭೀಮಾರ್ಜುನರು ಅದಕ್ಕಿಂತ ಅಗ್ಗ, ವಿದುರನು ಬಡವರಿಗೂ ಎಟುಕತಕ್ಕವನು. ಕೃಷ್ಣನನ್ನು ಬಯಸುವವರು ಮೂವರಿದ್ದರೆ ಯಾರೊಬ್ಬರ ಮನಸ್ಸನ್ನೂ ನೋಯಿಸದೆ, ಯಾರೊಬ್ಬರ ಹಣವನ್ನೂ ಹಿಂದಿರುಗಿಸದೆ, ಶಯನದ ಕೃಷ್ಣನೊಬ್ಬ, ಸಂಧಾನದ ಕೃಷ್ಣನೊಬ್ಬ, ಯುದ್ಧದ ಕೃಷ್ಣನೊಬ್ಬ ಎಂದು ಭಗವಂತನನ್ನೇ ಪಾಲು ಮಾಡಿಬಿಡುವುದು ಮೇಷ್ಟ್ರ ರಾಜನೀತಿ. ಹೀಗೆ ದ್ವಾರಕೆಯಲ್ಲಿ ಕುಳ್ಳಗೆ ಮಲಗಿದ್ದ ಶ್ರೀಕೃಷ್ಣನು ಉಪಪ್ಲವ್ಯಕ್ಕೆ ಬರುವಷ್ಟರಲ್ಲಿ ಒಂದು ಮೊಳ ಉದ್ದವಾಗಿದ್ದರೂ, ಪಾಂಡವರಲ್ಲಿ ಒಬ್ಬನೂ ಅದನ್ನು ಎತ್ತಿ ಆಡುವುದಿಲ್ಲ.

ನಾನು ಬಲ್ಲ ಒಬ್ಬ ಮಹನೀಯನು ಇಂಥ ಎರಡನೆಯ ಕೃಷ್ಣ. ಹಗಲು ಹೊತ್ತಿನಲ್ಲಿ ಆತನು ಒಂದು ತಾಲ್ಲೂಕು ಕಛೇರಿಯ ಗುಮಾಸ್ತೆ. ವಯಸ್ಸು ನಲವತ್ತರ ಆಚೆ. ಮೇಲ್ದುಟಿಯ ಮೇಲೆ ಇಪ್ಪತ್ತು ವರ್ಷ ಎಣ್ಣೆ ಹಾಕಿ ಸಾಕಿದ ಮೀಸೆ. ತಂದೆಯ ಎರಡು ಟಗರುಗಳು ಸಂತೆಯಲ್ಲಿ ಮಾರಾಟವಾಗಿ ಪಾತ್ರದ ಹಣ ಸಂದಾಯವಾಯಿತು. ಮೇಷ್ಟ್ರು ಹಾರ್ಮೋನಿಯಂ ತೆರೆದು, "ನಿಮ್ಮ ಶ್ರುತಿ ಯಾವುದು ಸ್ವಾಮೀ, ಬಿಳಿ ನಾಲ್ಕೋ, ಕರಿ ನಾಲ್ಕೋ?" ಎಂದು ಕೇಳಲು, ಕೃಷ್ಣನು ಇದು ಬಣ್ಣದ ವಿಚಾರವಿರಬಹುದೆಂದು ಬಗೆದು, "ಕೃಷ್ಣನಿಗೆ ಕರಿಯೇ ಸರಿ ಮೇಷ್ಟ್ರೇ" ಎಂದನು. ಮೇಷ್ಟ್ರು ಅನುಭವಸ್ಥರು, ಮರುಮಾತಾಡದೆ ತಮ್ಮ ಪೆಟ್ಟಿಗೆಯನ್ನು ಅವನ ಕಂಠವು ಹೋದ ದಿಕ್ಕಿಗೆಲ್ಲ ಅಟ್ಟಿಸಿಕೊಂಡು ಹೋಗುವ ವಿದ್ಯೆಯನ್ನು ಅಂದೇ ಆರಂಭಿಸಿದರು.

ರಾತ್ರಿ ಊಟವಾದ ಮೇಲೆ ತಾಲೀಮು. ಕಂದ, ವೃತ್ತ, ಮಟ್ಟುಗಳು ಹೇಗೋ ಬಾಯಿಗೆ ಬಂದವು. ಭಾವ ಮಾತ್ರ ಮುಖಕ್ಕೆ ಬರಲಿಲ್ಲ. ದ್ರೌಪದಿಯು ಬಿಚ್ಚಿದ ಮುಡಿಯನ್ನು ಹಿಡಿದು ಗೋಳಿಡುವಾಗ ಕೃಷ್ಣನ ಕಣ್ಣಿನಲ್ಲಿ ಕರುಣಾರಸವು ಒಸರಬೇಕಷ್ಟೆ. ನಮ್ಮವನು ಆ ಘಳಿಗೆಯಲ್ಲಿ ಕಂದಾಯದ ಬಾಕಿದಾರನನ್ನು ನೋಡುವಂತೆ ಅವಳನ್ನು ನೋಡುತ್ತಿದ್ದನು. "ಕರುಣೆ ಸ್ವಾಮೀ, ಕರುಣೆ!" ಎಂದು ಮೇಷ್ಟ್ರು ಎಷ್ಟು ಅಂಗಲಾಚಿದರೂ, ಹುಬ್ಬು ಮೇಲಕ್ಕೆ ಹೋಗಿ ಬಾಯಿ ಕೆಳಕ್ಕೆ ಬರುವುದಕ್ಕಿಂತ ಹೆಚ್ಚಿನ ಪರಿಣಾಮವೇನೂ ಆಗಲಿಲ್ಲ. ಮನೆಯಲ್ಲಿ ಹೆಂಡತಿಯೇ ನಾಟಕದ ಪುಸ್ತಕ ಹಿಡಿದು ಮಾತು ಒಪ್ಪಿಸಿಕೊಳ್ಳತಕ್ಕವಳು. ಸಾರಿಗೆ ಒಗ್ಗರಣೆ ಹಾಕುತ್ತಲೇ ಅವಳು, "ಏನ್ರೀ, 'ಎಲೈ ಸುಯೋಧನಾ' ಆದಮೇಲೆ 'ಐದೂರು' ಬರುತ್ತೆ, ನೀವು ನೆಟ್ಟಗೆ ಯುದ್ಧಕ್ಕೇ ಹೋದಿರಿ" ಎನ್ನುವಳು. ಐದು ಊರುಗಳನ್ನು ಕೇಳುವುದನ್ನೇ ಮರೆತ ಸಂಧಾನವು ಇತಿಹಾಸದಲ್ಲಿ ಅದೊಂದೇ ಇರಬೇಕು.

ಆದರೆ ನಿಜವಾದ ಧರ್ಮಸಂಕಟ ಬಂದುದು ಮೀಸೆಯ ವಿಷಯದಲ್ಲಿ. ಮೀಸೆಯಿರುವ ಕೃಷ್ಣನನ್ನು ಯಾವ ಪುರಾಣವೂ ಒಪ್ಪುವುದಿಲ್ಲ; ತಂದೆ ಬದುಕಿರುವಾಗ ಮೀಸೆ ಬೋಳಿಸುವುದನ್ನು ಯಾವ ಊರೂ ಒಪ್ಪುವುದಿಲ್ಲ. ವಿಷಯ ಕಿವಿಗೆ ಬಿದ್ದೊಡನೆ ಜಗಲಿಯ ಮೇಲೆ ಎಲೆಯಡಿಕೆ ಕುಟ್ಟುತ್ತಿದ್ದ ಮುದುಕರು, "ನಾನಿನ್ನೂ ಇದ್ದೀನಿ ಕಣಪ್ಪಾ" ಎಂದು ಮಗನಿಗೆ ಜ್ಞಾಪಿಸಿದರು. ಮೇಷ್ಟ್ರೇ ಮನೆಗೆ ಬಂದು ಸಂಧಾನ ನಡೆಸಬೇಕಾಯಿತು. "ಯಜಮಾನ್ರೇ, ಮೀಸೆ ತಿಂಗಳೊಪ್ಪತ್ತಿನಲ್ಲಿ ಬೆಳೀತದೆ, ಕೃಷ್ಣನ ಪಾರ್ಟು ಮತ್ತೆ ಸಿಗಲ್ಲ. ನೀವೇ ಹರೇದಲ್ಲಿ ಶಕುನಿ ಮಾಡಿದೋರು, ನಿಮಗೆ ಹೇಳಬೇಕೇ?" ಎಂದು ಅವರು ಮರ್ಮಸ್ಥಾನವನ್ನೇ ಮುಟ್ಟಲು, ಮುದುಕರ ಕೈಯ ಕುಟ್ಟಾಣಿ ಕ್ಷಣಕಾಲ ನಿಂತಿತು. "ಹಾಳಾಗ್ಲಿ, ತೆಗೀಲಿ. ಆದರೆ ನಾನು ಮುಂದಿನ ಸಾಲಿನಲ್ಲೇ ಕೂತಿರ್ತೀನಿ, ಯಾರಿಗೂ ಅನುಮಾನ ಬರಬಾರದು" ಎಂಬ ಕರಾರಿನ ಮೇಲೆ ಅಪ್ಪಣೆ ದೊರೆಯಿತು. ರಜೆಯ ಅರ್ಜಿಯಲ್ಲಿ ಮಾತ್ರ ಮಗನು ಪೂರ್ವಾಭ್ಯಾಸದಂತೆ, 'ತಂದೆಯವರ ದೇಹಸ್ಥಿತಿ ಚಿಂತಾಜನಕವಾಗಿರುವ ಪ್ರಯುಕ್ತ' ಎಂದು ಬರೆದಿದ್ದನು.

ಪ್ರದರ್ಶನದ ರಾತ್ರಿಯನ್ನು ಪೂರ್ತಿಯಾಗಿ ವರ್ಣಿಸಲು ಬೆಳಗಾಗಬೇಕು; ಆ ನಾಟಕಗಳು ಮುಗಿಯುವುದೂ ಬೆಳಗಾದ ಮೇಲೆಯೇ. ಸೀನರಿಯವರು ಬಾಡಿಗೆಗೆ ತಂದ ಕಿರೀಟವು ಯಾವ ತಲೆಗೂ ಅಳತೆ ತೆಗೆದು ಮಾಡಿದ್ದಲ್ಲವಾದುದರಿಂದ, ಒಳಗೆ ಹಳೆಯ ಪತ್ರಿಕೆಗಳನ್ನು ತುರುಕಿ ಅದನ್ನು ಕೃಷ್ಣನ ಶಿರಸ್ಸಿನಲ್ಲಿ ಪ್ರತಿಷ್ಠಾಪಿಸಲಾಯಿತು. ದ್ರೌಪದಿಯು ಪಟ್ಟಣದಿಂದ ಬಂದ ವೃತ್ತಿಕಲಾವಿದೆ. ಇಂಥ ಹೆಂಗಸರು ಸಂಜೆಯ ಬಸ್ಸಿಗೆ ಇಳಿದು, ತಾಲೀಮಿನ ಹಂಗಿಲ್ಲದೆ ಬಣ್ಣ ಹಚ್ಚಿಕೊಂಡು, ಮುಖಪರಿಚಯವೇ ಇಲ್ಲದ ಕೃಷ್ಣ ಭೀಮ ಕೀಚಕರನ್ನೆಲ್ಲ ಸಂಭಾಳಿಸಿ, ಬೆಳಗಿನ ಬಸ್ಸಿಗೆ ಮತ್ತೊಂದೂರಿನ ಕುರುಕ್ಷೇತ್ರಕ್ಕೆ ತೆರಳತಕ್ಕವರು. ಊರಿನವರು ಕೊಂಡಾಡುವುದು ತಮ್ಮ ಹುಡುಗರನ್ನಾದರೂ ನಾಟಕವು ನಿಂತಿರುವುದು ಇವರ ಮೇಲೆ. ಅಂದು ನಾನು ರಂಗದ ಪಕ್ಕದಲ್ಲಿಯೇ ಕುಳಿತಿದ್ದುದರಿಂದ ಆಕೆಯ ಕೌಶಲವನ್ನು ಹತ್ತಿರದಿಂದ ಕಂಡೆನು. "ಅಣ್ಣಾ, ಈ ಮುಡಿಯನ್ನು ಮರೆತೆಯಾ?" ಎಂದು ಆಕೆ ತಾರಸ್ಥಾಯಿಯಲ್ಲಿ ಮೊರೆಯಿಟ್ಟಳು. ಕೃಷ್ಣನು ಕೊಳಲನ್ನು ದೊಣ್ಣೆಯಂತೆ ಹಿಡಿದು ಕಲ್ಲಾಗಿ ನಿಂತಿದ್ದನು. ಆಕೆ ಪಾದಕ್ಕೆರಗುವ ನೆವದಲ್ಲಿ ಬಗ್ಗಿ, ಅದೇ ರೋದನದ ಧಾಟಿಯಲ್ಲಿ, "ಅಣ್ಣಾ, ಬಲಗೈ ಎತ್ತಣ್ಣಾ... 'ತಂಗೀ, ಅಳಬೇಡ' ಅನ್ನಣ್ಣಾ..." ಎಂದು ಸಣ್ಣದನಿಯಲ್ಲಿ ಹಾಡಿಕೊಂಡಳು. ಕೈ ಮೇಲೆದ್ದಿತು, ಮಾತು ಹೊರಬಂದಿತು, ಸಭೆ ಕರತಾಡನ ಮಾಡಿತು. ಅಷ್ಟರಲ್ಲಿ ಕೃಷ್ಣನ ಸೋದರಮಾವನು ನೋಟುಗಳ ಹಾರವೊಂದನ್ನು ಹಿಡಿದು ರಂಗದ ಮೇಲೇರಿ ಅಳಿಯನ ಕೊರಳಿಗೆ ಹಾಕಿದ್ದರಿಂದ, ದ್ರೌಪದಿಯು ಕಣ್ಣೀರನ್ನು ಸೆರಗಿನಲ್ಲಿ ತಡೆದು ಆ ಸಮಾರಂಭ ಮುಗಿಯುವವರೆಗೆ ಕಾಯಬೇಕಾಯಿತು. ಮುಂದಿನ ಸಾಲಿನಲ್ಲಿ ಆರೋಗ್ಯವಂತರಾಗಿ ಕುಳಿತಿದ್ದ ತಂದೆಯವರು ಮಾತ್ರ ಎರಡು ಟಗರುಗಳನ್ನು ನೆನೆದು ನಿಟ್ಟುಸಿರಿಟ್ಟರು.

ಎರಡು ದಿನ ಕಳೆದು ನಮ್ಮ ನಾಯಕನು ಕಛೇರಿಯನ್ನು ಪ್ರವೇಶಿಸಿದನು. ತಂದೆಯ ಕಾಯಿಲೆಗೆಂದು ರಜೆ ಹಾಕಿದವನು ಮೀಸೆಯಿಲ್ಲದೆ ಹಿಂದಿರುಗಿದನೆಂದರೆ ಅದಕ್ಕೆ ಲೋಕದಲ್ಲಿ ಒಂದೇ ಅರ್ಥ. ತಲೆಯ ಕೂದಲು ಉಳಿದುದನ್ನು ಈಗಿನ ಕಾಲದ ಸೌಲಭ್ಯವೆಂದು ಎಲ್ಲರೂ ಭಾವಿಸಿಕೊಂಡರು. ಶಿರಸ್ತೇದಾರರು ಕುರ್ಚಿಯಿಂದೆದ್ದು ಬಂದು ಹೆಗಲ ಮೇಲೆ ಕೈಯಿಟ್ಟರು. ನಿಜ ಹೇಳಿದರೆ ರಜೆಯ ಅರ್ಜಿ ಸುಳ್ಳಾಗುತ್ತದೆ. ಸುಳ್ಳು ಹೇಳಿದರೆ ಹೆತ್ತ ತಂದೆ ಸಾಯುತ್ತಾನೆ.

"ಎಲ್ಲಾ ಮುಗಿಯಿತೇನಪ್ಪಾ?" ಎಂದರು ಶಿರಸ್ತೇದಾರರು.

"ಮುಗಿಯಿತು ಸ್ವಾಮೀ. ಬೆಳಗಿನ ಜಾವ ಐದು ಗಂಟೆಗೆ."

"ಬಹಳ ಕಷ್ಟವಾಯಿತೇ?"

"ರಾತ್ರಿಯೆಲ್ಲಾ ಸ್ವಾಮೀ. ಹನ್ನೆರಡರ ಮೇಲಂತೂ ಮಾತೇ ಹೊರಡಲಿಲ್ಲ."

"ಜನ ಸೇರಿದ್ದರೇ?"

"ಸುತ್ತಲ ಹತ್ತು ಹಳ್ಳಿಯವರು ಬಂದಿದ್ದರು. ಸಾಲಸೋಲವೂ ಆಯಿತು."

ಒಂದಕ್ಷರವೂ ಸುಳ್ಳಿಲ್ಲ. ಅಶ್ವತ್ಥಾಮನ ವಿಷಯದಲ್ಲಿ ಧರ್ಮರಾಯನು ಕೂಡ ಇದಕ್ಕಿಂತ ನಯವಾಗಿ ನಡೆದುಕೊಂಡಿರಲಾರನು. ಇಷ್ಟು ಹೇಳುವುದರೊಳಗಾಗಿ, ಮೇಷ್ಟ್ರು ಎರಡು ತಿಂಗಳು ಬೇಡಿದರೂ ಬಾರದಿದ್ದ ಆ ರಸವು ಅವನ ಕಣ್ಣಿನಲ್ಲಿ ತುಂಬಿ, ಗಲ್ಲದ ಮೇಲೆ ಹರಿದು, ಗದ್ದದಿಂದ ತೊಟ್ಟಿಕ್ಕಿತು. ಗುಮಾಸ್ತೆಯರು ಕಣ್ಣೊರಸಿಕೊಂಡರು, ಜವಾನನು ಗೋಡೆಗೆ ಒರಗಿ ಬಿಕ್ಕಿದನು.

ಸರಿಯಾಗಿ ಆ ಮುಹೂರ್ತದಲ್ಲಿ ಪಹಣಿಯ ನಕಲಿಗಾಗಿ ತಂದೆಯವರೇ ಬಾಗಿಲಲ್ಲಿ ಪ್ರತ್ಯಕ್ಷರಾದರು. ಅಳುವ ಮಗನನ್ನೂ ಸುತ್ತ ನಿಂತವರನ್ನೂ ಕಂಡೊಡನೆ ಹಳೆಯ ಶಕುನಿಗೆ ಸಮಸ್ತವೂ ಅರ್ಥವಾಯಿತು. "ತಾವು ಯಾರು?" ಎಂದು ಶಿರಸ್ತೇದಾರರು ಕೇಳಲು, ಮುದುಕರು ಟವಲಿನಿಂದ ಮುಖ ಮುಚ್ಚಿ, "ಇವನ ದೊಡ್ಡಪ್ಪ ಸ್ವಾಮೀ. ತಮ್ಮ ಹೋಗ್ಬಿಟ್ಟ" ಎಂದು ಗದ್ಗದಿಸಿದರು. ತಂದೆಯ ಈ ಅಭಿನಯವನ್ನು ಕಂಡು ಮಗನ ಅಳುವೇ ನಿಂತುಹೋಯಿತು. ಶಿರಸ್ತೇದಾರರ ಹೃದಯ ಕರಗಿತು. "ನೀವು ಮತ್ತೆ ಮತ್ತೆ ಅಲೆಯುವುದು ಬೇಡ ಯಜಮಾನರೇ. ಸತ್ತವರ ಹೆಸರಿನಲ್ಲಿರುವ ಜಮೀನನ್ನೆಲ್ಲ ಈ ವಾರವೇ ಮಗನ ಹೆಸರಿಗೆ ಪೌತಿ ಖಾತೆ ಮಾಡಿಸಿಬಿಡುತ್ತೇನೆ. ಅರ್ಜಿ ಬರೆಯಪ್ಪಾ, ನಾನೇ ಮುಂದೆ ನಿಂತು ಮಾಡಿಸುತ್ತೇನೆ" ಎಂದು ಮಗನ ಕೈಗೆ ಲೇಖನಿಯನ್ನೇ ಕೊಟ್ಟರು. ಮಗನು ವಿಧೇಯ ನೌಕರ. ಮೇಲಧಿಕಾರಿಯ ಆಜ್ಞೆಯಾದೊಡನೆ ಅಭ್ಯಾಸಬಲದಿಂದ ಕಾಗದವನ್ನು ಎಳೆದುಕೊಂಡನು.

ಜಮೀನಿನ ಮಾತು ಬಂದೊಡನೆ ಮುದುಕರ ವೇಷ ಕಳಚಿಬಿದ್ದಿತು. "ತಡೀರಿ ಸ್ವಾಮೀ!" ಎಂದು ಅವರು ಟವಲನ್ನು ಕಿತ್ತೊಗೆದು ಕೂಗಿದರು: "ನಾನೇ ಅವರಪ್ಪ! ಇನ್ನೂ ಸತ್ತಿಲ್ಲ!"

ಆ ಮೇಲೆ ನಡೆದುದನ್ನು ಕಡತದ ಭಾಷೆಯಲ್ಲಿಯೇ ಹೇಳುವುದಾದರೆ, ಸದರಿ ನೌಕರನಿಗೆ ಕಾರಣ ಕೇಳಿ ನೋಟೀಸು ಜಾರಿಯಾಯಿತು; ಪಹಣಿಯ ನಕಲು ಮಾತ್ರ, ತಂದೆಯವರು ಜೀವಂತರಾಗಿರುವರೆಂಬುದಕ್ಕೆ ಬೇರೆ ಸಾಕ್ಷ್ಯ ಬೇಡವಾದುದರಿಂದ, ಅಂದೇ ದೊರೆಯಿತು. ಸಂಜೆ ತಂದೆಮಕ್ಕಳು ಬಸ್ಸಿಗಾಗಿ ಕಾಯುತ್ತ ನಿಂತಿದ್ದರು. ಬಹಳ ಹೊತ್ತಾದ ಮೇಲೆ ಮುದುಕರು ಬಾಯಿಬಿಟ್ಟರು:

"ಅಲ್ಲ ಕಣೋ, ಇವತ್ತು ಅತ್ತೆಯಲ್ಲ, ಅದರಲ್ಲಿ ಕಾಲುಭಾಗ ಆವತ್ತು ಸ್ಟೇಜಿನ ಮೇಲೆ ಅತ್ತಿದ್ದರೆ ನನ್ನ ಟಗರು ಮಾರಿದ್ದಕ್ಕೂ ಒಂದು ಬೆಲೆ ಬರ್ತಿತ್ತಲ್ಲೋ?"

ಮಗನು ಬೋಳಾದ ಮೇಲ್ದುಟಿಯನ್ನು ತಡವಿಕೊಂಡು, "ಅಲ್ಲಿ ಜನವೆಲ್ಲಾ ನೋಡ್ತಾ ಇದ್ದರಲ್ಲಪ್ಪಾ" ಎಂದನು.