ಫುಲ್ ಅಂದ್ರ ಎಷ್ಟ್ ಫುಲ್?

ಸವದತ್ತಿ ಬಸ್‌ಸ್ಟ್ಯಾಂಡಿನಲ್ಲಿ ‘ಫುಲ್’ ಎಂದರೆ ಇನ್ನೂ ಹತ್ತು ಮಂದಿ ಹಿಡಿಯುತ್ತಾರೆ ಎಂದರ್ಥ. ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಬಸ್ಸು ಫುಲ್ ಆದ ಮೇಲೂ ಕಂಡಕ್ಟರು “ಹಿಂದ ಸರೀರಿ, ಜಾಗಾ ಐತಿ” ಎನ್ನುತ್ತಾರೆ. ಗಂಡಸರಿಗೆ ಫುಲ್ ಟಿಕೆಟ್, ಹುಡುಗರಿಗೆ ಹಾಫ್. 2023ರ ಜೂನ್‌ನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದಮೇಲೆ ಹೆಣ್ಣುಮಕ್ಕಳಿಗೆ ಎರಡೂ ಅಲ್ಲ, ಝೀರೋ. ಬಸ್ಸು ಮತ್ತಷ್ಟು ಫುಲ್ ಆಗಿದ್ದು ಆಗಲೇ!

ಬೈಲಹೊಂಗಲದಲ್ಲಿ ಗಾಡಿಯ ಟಾಕಿ ಫುಲ್, ಅಂಗಿಯ ತೋಳು ಫುಲ್, ಮಿರ್ಚಿ ಭಜಿ ಫುಲ್ ಖಾರ.

ಕಿತ್ತೂರಲ್ಲಿ ಅಕ್ಟೋಬರ್ 23ಕ್ಕೆ ಉತ್ಸವ ಶುರುವಾದರೆ ಊರೇ ಫುಲ್. 1824ರಲ್ಲಿ ರಾಣಿ ಚೆನ್ನಮ್ಮನ ಪಡೆ ಇಂಗ್ಲಿಷ್ ಅಧಿಕಾರಿ ಥ್ಯಾಕರೆಯನ್ನು ಸೋಲಿಸಿದ ದಿನವದು. ಇಂಗ್ಲಿಷರನ್ನು ಹಿಮ್ಮೆಟ್ಟಿಸಿದ ಊರು ಅವರ ಈ ಶಬ್ದವನ್ನು ಮಾತ್ರ ಒಳಗೆ ಬಿಟ್ಟುಕೊಂಡಿದೆ.

ಶಬ್ದ ಕೊಂಚ ಗಂಭೀರವಾಗುವುದು ನವಿಲುತೀರ್ಥದಲ್ಲಿ. ಮಲಪ್ರಭೆಯ ಅಲ್ಲಿನ ಜಲಾಶಯ ರೇಣುಕಾಸಾಗರದ ಗರಿಷ್ಠ ಮಟ್ಟ 2079.50 ಅಡಿ. “ಡ್ಯಾಮ್ ಫುಲ್” ಎಂದರೆ ಕಾಲುವೆ ನೀರಿನ ರೈತ ಮೀಸೆಯಡಿ ನಗುತ್ತಾನೆ. ನದಿಗುಂಟ ಕೆಳಗಿರುವ ರಾಮದುರ್ಗದವರು ನಗುವುದಿಲ್ಲ. 2019ರ ಆಗಸ್ಟ್ ನೆರೆಯನ್ನು ಅವರು ಮರೆತಿಲ್ಲ. ಅಲ್ಲಿ ಫುಲ್ ಎಂದವರಿಗೆ ಮರುಪ್ರಶ್ನೆ ಕಾದಿರುತ್ತದೆ: “ಗೇಟ್ ಎಷ್ಟ್ ಎತ್ಯಾರ?”