ಸೂಜಿ, ಸಿಪ್ಪೆ, ಕಷಾಯ

ಇಂಜೆಕ್ಷನ್ ಎಂದರೆ ಓಟ ಕೀಳುವವರೂ ಅಕ್ಯುಪಂಕ್ಚರ್ ಎಂದರೆ ದುಡ್ಡು ಕೊಟ್ಟು ಮೈಚಾಚುತ್ತಾರೆ. ಸೂಜಿಯೇನೋ ಕೂದಲೆಳೆಯಷ್ಟು ಸಣ್ಣದು, ಒಪ್ಪೋಣ. ಆದರೆ ಹೊಟ್ಟೆ ಕೆಟ್ಟರೆ ಚುಚ್ಚುವುದು ಮೊಣಕಾಲಿನ ಕೆಳಗೆ!

1971ರಲ್ಲಿ ಈ ವಿದ್ಯೆಯ ತವರು ಚೀನಾದ ಪೀಕಿಂಗ್‌ಗೆ ಹೋಗಿದ್ದ ನ್ಯೂಯಾರ್ಕ್ ಟೈಮ್ಸ್‌ನ ಪತ್ರಕರ್ತ ಜೇಮ್ಸ್ ರೆಸ್ಟನ್‌ಗೆ ಅಲ್ಲೇ ಅಪೆಂಡಿಕ್ಸ್ ಕೈಕೊಟ್ಟಿತು. ಆಪರೇಷನ್ ಆದದ್ದು ಮಾಮೂಲಿ ಅರಿವಳಿಕೆಯಲ್ಲೇ. ಆಮೇಲೆ ಹೊಟ್ಟೆಯುಬ್ಬರ ಕಾಡಿದಾಗ ಮೊಣಕೈಗೂ ಮೊಣಕಾಲ ಕೆಳಗೂ ಸೂಜಿ ಹಾಕಿದರು. ಆ ನೋವಿಗೆ ಹೊಟ್ಟೆಯ ಮೇಲಿನ ಗಮನವಾದರೂ ತಪ್ಪಿತು ಎಂದು ರೆಸ್ಟನ್ನರೇ ಬರೆದುಕೊಂಡರು. ಸ್ವಲ್ಪ ಹೊತ್ತಿಗೆ ಉಬ್ಬರವೂ ಇಳಿಯಿತಂತೆ. ಸುದ್ದಿ ಬಾಯಿಂದ ಬಾಯಿಗೆ ಹೋಗಿ, ಸೂಜಿ ಚುಚ್ಚಿಯೇ ಹೊಟ್ಟೆ ಕೊಯ್ದರು ಅಂತಾಯಿತು. ಅಂತೆಕಂತೆಗೆ ಪಾಸ್‌ಪೋರ್ಟ್ ಬೇಕೇ?

ಇನ್ನು ಚೀನೀ ಮದ್ದಿನಂಗಡಿ. ಗೋಡೆ ತುಂಬ ಪುಟ್ಟ ಡ್ರಾಯರುಗಳು. ಒಂದರಲ್ಲಿ ಶುಂಠಿ, ಒಂದರಲ್ಲಿ ಜ್ಯೇಷ್ಠಮಧು (ನಮ್ಮವರೇ!), ಮತ್ತೊಂದರಲ್ಲಿ ಜೀರುಂಡೆ ಕಳಚಿಟ್ಟ ಪೊರೆ. ಗ್ವಾಂಗ್‌ಡಾಂಗ್‌ನ ಶಿನ್‌ಹುಯಿಯ ಒಣ ಕಿತ್ತಳೆ ಸಿಪ್ಪೆಗಂತೂ ಹಳತಾದಷ್ಟೂ ಬೆಲೆ. ನಾವು ಸುಮ್ಮನೆ ತಿಪ್ಪೆಗೆ ಎಸೆದೆವು.

ಹಾಗಂತ ಪೂರ್ತಿ ನಗುವಂತಿಲ್ಲ. ಮಲೇರಿಯಾಕ್ಕೆ ಕೊಡುವ ಆರ್ಟೆಮಿಸಿನಿನ್ ಇಂಥದೇ ಒಂದು ಗಿಡದ್ದು. ಅದನ್ನು ಕಂಡುಹಿಡಿದ ಚೀನೀ ವಿಜ್ಞಾನಿ ತು ಯೂಯೂ ಅವರಿಗೆ ಅದಕ್ಕೇ 2015ರ ನೊಬೆಲ್. ಆದರೆ ಕುದಿಸಿದರೆ ಸತ್ವ ಹೋಗುತ್ತದೆಂದು ಅವರು ಅದನ್ನು ಕಡಿಮೆ ಶಾಖದಲ್ಲಿ, ಈಥರಿನಿಂದ ತೆಗೆದರು. ಒಲೆಯ ಮೇಲೆ ಕಷಾಯ ಕೊತಕೊತ ಕುದಿಸುವ ಅಜ್ಜಿಯರಿಗೆ ಇದನ್ನು ಹೇಳುವವರು ಯಾರು?